ಕಸಿಗಿಡದ ಕೆಳಗಿನ ಟೊಂಗೆ

ನವೆಂಬರ್ 18, 2024, ಸೋಮವಾರ

ಹೊಸ ನೋಟ್‌ಬುಕ್ಕು. ಹಳೆಯದರಲ್ಲಿ ಜಾಗ ಉಳಿದಿರಲಿಲ್ಲ, ಬೈಗುಳಕ್ಕೇ ಅರ್ಧ ಹೋಗಿತ್ತು.

ಇವತ್ತು ಕಾಫಿ ಕೊಯ್ಲು ಶುರುವಾಯಿತು. ಸೇಡಂನಿಂದ ಚಿಂಚೋಳಿಗೆ ಒಂದು ಬಸ್ಸು, ಚಿಂಚೋಳಿಯಿಂದ ಕುಂಚಾವರಂಗೆ ಇನ್ನೊಂದು, ಅಲ್ಲಿಂದ ಕಾಡಿನ ಅಂಚಿನ ತೋಟಕ್ಕೆ ಅರ್ಧ ಗಂಟೆ ಕಾಲ್ನಡಿಗೆ. ತೊಗರಿಯ ಸೀಮೆಯಲ್ಲಿ ಕಾಫಿ ಬೆಳೆದೀತೇ ಎಂದು ನೋಡುವ ಬುದ್ಧಿ ನಮ್ಮ ಸಂಸ್ಥೆಗೆ ನಾಲ್ಕು ವರ್ಷದ ಹಿಂದೆ ಯಾಕೆ ಬಂತೋ, ಬಂದದ್ದನ್ನು ತಂದು ನನ್ನ ಕೊರಳಿಗೆ ಕಟ್ಟಿದರು.

ಒಟ್ಟು ನೂರಾ ಇಪ್ಪತ್ತು ಗಿಡ. ಅರವತ್ತು ಸ್ವಂತ ಬೇರಿನ ಅರೇಬಿಕಾ. ಇನ್ನರವತ್ತು ಕಸಿಗಿಡ: ಮೇಲೆ ಅದೇ ಅರೇಬಿಕಾ, ಕೆಳಗೆ ರೊಬಸ್ಟಾ ಬೇರು. ಈ ಬಿಸಿಲಿಗೆ ಬೇರು ಗಟ್ಟಿಯಿದ್ದರೆ ಫಸಲು ಹೆಚ್ಚುತ್ತದೆಯೇ, ಬೀಜದ ಗುಣ ಕೆಡುತ್ತದೆಯೇ, ಇದಿಷ್ಟೇ ಪ್ರಶ್ನೆ. ಒಂದೊಂದು ಗಿಡದ ಹಣ್ಣನ್ನೂ ಬೇರೆಬೇರೆ ತೂಗಿ ಬರೆಯುವುದು ನನ್ನ ಕೆಲಸ. ಹೋದ ವರ್ಷ ಮೊದಲ ಫಸಲಿನಲ್ಲಿ ಕಸಿಗಿಡಗಳೇ ಹಿಂದೆ ಬಿದ್ದವು. ಈ ಸಲವೂ ಹಾಗೇ ಆದರೆ ತೋಟ ಮುಚ್ಚುವುದೇ ಎಂದು ಕಲಬುರಗಿಯಲ್ಲಿ ಕೂತ ನಮ್ಮ ಮೇಲಧಿಕಾರಿ ಕಾಶೀನಾಥ ಸರ್ ಈಗಲೇ ಹೇಳಿಬಿಟ್ಟಿದ್ದಾರೆ. ಮುಚ್ಚಿದರೆ ನನಗೇನೂ ನಷ್ಟವಿಲ್ಲ. ಕಲಬುರಗಿ ಕಚೇರಿಗೆ ಹಾಕಿಕೊಳ್ಳಿ ಎಂದು ಮೂರು ಅರ್ಜಿ ಕೊಟ್ಟು ಕೂತಿದ್ದೇನೆ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ಆಸೆ ಪಾಪವೇನಲ್ಲ.

ಹಣ್ಣು ಬಿಡಿಸಲು ನಾಲ್ವರು ಹೆಂಗಸರು. ಅವರ ಮುಂದಾಳು ಸುಗರಾಬಿ ಎಂಬಾಕೆ, ವರ್ಷವಿಡೀ ತೋಟಕ್ಕೆ ನೀರು ಬಿಡುವುದೂ ಅವಳೇ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ. ಕೆಲಸಕ್ಕಿಂತ ಮಾತು ಜಾಸ್ತಿ. ಮೇಡಂ ಅನ್ನುವ ಬದಲು ನನ್ನನ್ನು 'ಬಾಯಿ' ಅನ್ನುತ್ತಾಳೆ. ನನ್ನ ಬಾಟಲಿ ನೋಡಿ, "ಸೇಡಂದಿಂದ ನೀರು ಹೊತ್ಕೊಂಡು ಬರ್ತೀರೇನ್ ಬಾಯಿ? ಇಲ್ಲಿ ನೀರಿಗಿ ಏನಾಗ್ಯದ?" ಅಂದಳು. ನಾನು ಕೇಳಿಸದವಳ ಹಾಗೆ ತಕ್ಕಡಿ ಒರೆಸಿದೆ.

ಮೂರು ಗಂಟೆಯ ಬಸ್ಸು ತಪ್ಪಿದರೆ ಮನೆ ಸೇರುವಷ್ಟರಲ್ಲಿ ಕತ್ತಲು. ಅಲ್ಲಿಯವರೆಗಿನ ತೂಕ ನಾನು ಬರೆದೆ. ಆಮೇಲಿನದನ್ನು ಕಾವಲಿನ ಭಾಗಣ್ಣ ಬರೆದಿಡುತ್ತಾನೆ.

ನವೆಂಬರ್ 29, ಶುಕ್ರವಾರ

ತಕ್ಕಡಿಯ ಸೆಲ್ ಸತ್ತಿತು. ಕುಂಚಾವರಂನಲ್ಲಿ ಆ ಅಳತೆಯ ಸೆಲ್ ಇಲ್ಲ. ಮುಸುವ ಕೋತಿಗಳು ಹದಿನೇಳನೇ ಗಿಡದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಇಡೀ ದಿನ ಹಾಳು.

ಡಿಸೆಂಬರ್ 11, ಬುಧವಾರ

ಏಕಾದಶಿ. ಹೊಟ್ಟೆ ಖಾಲಿ, ತಲೆಯಲ್ಲಿ ಬೆಂಕಿ.

ಸಿಪ್ಪೆ ಸುಲಿದ ಬೀಜವನ್ನು ನೆಲದಿಂದ ಎತ್ತರದ ಬಲೆಯ ಮೇಲೆ ಒಣಗಿಸಬೇಕು. ಬಲೆ ಕಳಿಸುತ್ತೇವೆ ಎಂದು ಕಚೇರಿಯವರು ಆರು ತಿಂಗಳಿಂದ ಹೇಳುತ್ತಿದ್ದಾರೆ. ಭಾಗಣ್ಣ ತಾನೇ ತಲೆ ಓಡಿಸಿ ಶೆಡ್ಡಿನ ಮುಂದಿನ ಶಹಾಬಾದಿ ಫರ್ಸಿಯ ಮೇಲೆ ಹರವಿಬಿಟ್ಟಿದ್ದ. ಡಿಸೆಂಬರಾದರೇನು, ಮಧ್ಯಾಹ್ನ ಆ ಕಲ್ಲು ರೊಟ್ಟಿಯ ಹಂಚೇ. ಬೀಜದ ಮೇಲಿನ ಪದರ ಬಿರಿದಿತ್ತು. ನಾನು ಬಾಯಿಗೆ ಬಂದದ್ದು ಬೈದೆ. ಭಾಗಣ್ಣ ತಲೆ ತಗ್ಗಿಸಿ ನಿಂತ. ಸುಗರಾಬಿ ಮಾತ್ರ ಮನೆಗೆ ಹೋಗಿ ಎರಡು ಹಳೆಯ ನೂಲಿನ ಸೀರೆ ತಂದಳು.

"ಇದನ್ನ ಎರಡು ಮಡಿಕಿ ಮಾಡಿ ಹಾಸ್ರಿ ಬಾಯಿ. ಶಾವಿಗಿ ನಾವು ಹಿಂಗೇ ಒಣಗಿಸ್ತೀವಿ. ಒಂದೂ ಸೀಳಂಗಿಲ್ಲ."

ಸೀಳಲಿಲ್ಲ. ಅದು ಬೇರೆ ವಿಷಯ. ಬಲೆ ಬಲೆಯೇ.

ಜನವರಿ 6, 2025, ಸೋಮವಾರ

ಕೊನೆಯ ಸುತ್ತಿನ ಕೊಯ್ಲು ಮುಗಿಯಿತು. ಲೆಕ್ಕ ಹಾಕಿದೆ. ಸ್ವಂತ ಬೇರಿನ ಗಿಡಕ್ಕೆ ಸರಾಸರಿ ಒಂದು ಕಿಲೊ ನಾನೂರು ಗ್ರಾಂ ಹಣ್ಣು. ಕಸಿಗಿಡಕ್ಕೆ ಒಂದು ಕಿಲೊ ನೂರು. ಮತ್ತೆ ಹಿಂದೆ.

ವಿಚಿತ್ರ ಏನೆಂದರೆ ಬೀಜ ಚೆನ್ನಾಗಿದೆ. ಹಣ್ಣನ್ನು ನೀರಿಗೆ ಹಾಕಿದರೆ ಕಸಿಗಿಡದ್ದರಲ್ಲಿ ನೂರಕ್ಕೆ ನಾಲ್ಕು ಜೊಳ್ಳಾಗಿ ತೇಲುತ್ತವೆ, ಇನ್ನೊಂದರಲ್ಲಿ ಹನ್ನೊಂದು. ಜರಡಿ ಹಿಡಿದರೆ ದಪ್ಪ ಬೀಜವೂ ಕಸಿಗಿಡದ್ದೇ ಹೆಚ್ಚು. ಉಂಡು ತಿಂದು ಮೈ ತುಂಬಿಕೊಂಡ ಗಿಡ ಹಣ್ಣು ಮಾತ್ರ ಯಾಕೆ ಕಡಿಮೆ ಕೊಡುತ್ತದೆ? ತೋಟ ಮುಚ್ಚಿದರೆ ನನಗೇ ಅನುಕೂಲ, ಆದರೂ ಲೆಕ್ಕ ನೋಡಿ ಸಿಟ್ಟು ಬಂತು. ನಾಲ್ಕು ವರ್ಷ ಬಿಸಿಲಲ್ಲಿ ಸುಟ್ಟುಕೊಂಡದ್ದು ಇದಕ್ಕಾಗಿಯೇ?

ಜನವರಿ 17, ಶುಕ್ರವಾರ

ವರದಿ ಕಳಿಸಿದೆ. ಕಳಿಸುವ ಮೊದಲು ಇವರು ಓದಿದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಗಂಡನನ್ನು ಕಟ್ಟಿಕೊಂಡರೆ ಯಾವ ಕಾಗದವೂ ಸುಮ್ಮನೆ ಮನೆ ದಾಟುವುದಿಲ್ಲ.

"ಕಸಿಗಿಡ ಕಮ್ಮಿ ಕೊಟ್ಟದ್ದಕ್ಕ ಕಾರಣ ಬಿಸಲು ಅಂತ ಬರದೀಯಲ್ಲ. ಬಿಸಲು ಎರಡಕ್ಕೂ ಒಂದೇ ಅಲ್ಲೇನು?"

"ನಿಮ್ಮ ಪೇಪರ್ ನೀವು ತಿದ್ಕೋರಿ," ಅಂದು ಕಸಿದುಕೊಂಡೆ. ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ಮೈ ಉರಿಯಿತು.

ಫೆಬ್ರವರಿ 3, ಸೋಮವಾರ

ಆದೇಶ ಬಂತು. ಮಾರ್ಚ್ ಮೂವತ್ತೊಂದಕ್ಕೆ ತೋಟ ಬಂದ್. ಗಿಡ ಕಿತ್ತು ಜಮೀನು ವಾಪಸ್ ಕೊಡಬೇಕು. ಪೈಪು, ಪಂಪು, ತಕ್ಕಡಿಗಳ ಪಟ್ಟಿ ಮಾಡಿ ಕಳಿಸಬೇಕು. ಹತ್ತು ಸಾಲಿನ ಕಾಗದ. ಸುಗರಾಬಿಯ ಕೆಲಸವೂ ಅದರೊಳಗೆ ಹೋಯಿತು, ಹೆಸರಿಲ್ಲದೆ.

ಫೆಬ್ರವರಿ 5, ಬುಧವಾರ

ಇವತ್ತು ಆದದ್ದನ್ನು ನಿಧಾನವಾಗಿ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಪೈಪಿನ ಪಟ್ಟಿ ಮಾಡಲು ಹೋಗಿದ್ದೆ. ಹನಿ ನೀರಿನ ನಳಿಗೆ ಗಿಡದ ಬುಡದಲ್ಲಿ ಹಾಯುತ್ತದೆ, ಎಣಿಸಬೇಕಾದರೆ ಬಗ್ಗಲೇಬೇಕು. ಬಗ್ಗಿದೆ. ಕಸಿಗಿಡದ ಕೆಳಗಿನ ಎರಡು ಟೊಂಗೆಗಳ ತುಂಬ ಒಣಗಿ ಕರ್ರಗಾದ ಹಣ್ಣು. ಪಕ್ಕದ ಗಿಡ ನೋಡಿದೆ, ಅದರಲ್ಲೂ. ಕಸಿಯ ಸಾಲು ಪೂರ್ತಿ ಹಾಗೆಯೇ. ಸ್ವಂತ ಬೇರಿನ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು, ಒಂದು ಹಿಡಿಯಷ್ಟು.

ಸುಗರಾಬಿಯನ್ನು ಕೂಗಿದೆ. ಇದೇನು ಅಂದೆ.

"ಬಿಟ್ಟೀವ್ರಿ," ಅಂದಳು, ಆಕಾಶ ನೀಲಿ ಅನ್ನುವಷ್ಟು ಸಹಜವಾಗಿ.

"ಯಾಕ ಬಿಟ್ರಿ?"

"ಆಪರೇಶನ್ ಆದ ಗಿಡ ಅಲ್ಲೇನ್ರಿ ಇವು? ನೀವೇ ಹೇಳಿದ್ರಿ. ಆಪರೇಶನ್ ಆದಾಕಿ ತಲಿ ಮ್ಯಾಲ ಪೂರಾ ಕೊಡ ಹೊರಿಸ್ತಾರೇನು? ಒಂದೂ ಬಿಡದಂಗ ಹರಕೊಂಡ್ರ ಗಿಡಕ್ಕ ಭಾಳ ತ್ರಾಸ ಆತದ. ಅದಕ್ಕ ಎರಡು ಟೊಂಗಿ ಅದಕ್ಕೇ ಬಿಟ್ಟೀವಿ."

ಹೌದು. ನಾನೇ ಹೇಳಿದ್ದೆ. ಸಸಿ ನೆಟ್ಟ ವರ್ಷ, ಕಸಿಯ ಗಾಯಕ್ಕೆ ಸುತ್ತಿದ ಪಟ್ಟಿಯನ್ನು ಈ ಹೆಂಗಸರೆಲ್ಲ ಬೆರಳಿಟ್ಟು ನೋಡುತ್ತಿದ್ದಾಗ, "ಇವಕ್ಕ ಆಪರೇಶನ್ ಆಗ್ಯದ, ಹುಷಾರ್ ಮುಟ್ರಿ," ಅಂದಿದ್ದೆ. ಎಷ್ಟು ಚೆನ್ನಾಗಿ ತಿಳಿಸಿ ಹೇಳಿದೆ ಎಂದು ಹೆಮ್ಮೆಯನ್ನೂ ಪಟ್ಟಿದ್ದೆ.

"ಮತ್ತ ಆ ಗಿಡದಾಗಿನ ಹಿಡಿ ಹಿಡಿ ಹಣ್ಣು?"

"ಅದು ಹಕ್ಕಲಕ್ಕರಿ. ತೊಗರಿ ಹೊಲದಾಗ ಹಿಂದ ಆಯ್ಕೊಳ್ಳೋರಿಗಿ ಬಿಡಂಗಿಲ್ಲೇನು? ಒಂದೂ ಉಳಿಸದಂಗ ಯಾರೂ ಬಿಡಿಸಂಗಿಲ್ಲ ನಮ್ಮ ಕಡಿ. ಇದನ್ನ ಆಯ್ಲಿಕ್ಕ ಯಾರೂ ಬರಲಿಲ್ಲ, ಹೋದ ವರ್ಷನೂ ಉದುರಿ ಮಣ್ಣಾತು."

"ಒಂದು ಮಾತು ಹೇಳಬಾರದಿತ್ತೇನು?"

"ಯಾರು ಕೇಳಿದ್ರಿ? ನೀವು ಮಾವಿನ ಗಿಡದ ಕೆಳಗ ತಕ್ಕಡಿ ಮುಂದ ಕುಂದ್ರತಿದ್ರಿ. ಮೂರಕ್ಕ ಬಸ್ಸಿಗಿ ಹೋಗ್ತಿದ್ರಿ. ಗಿಡದ ಹಂತ್ಯಾಕ ಬಂದಿದ್ರ ಹೇಳ್ತಿದ್ದಿಲ್ಲೇನು?"

ಪೈಪಿನ ಪಟ್ಟಿ ಮಡಿಸಿಟ್ಟೆ. ಎರಡು ವರ್ಷದ ತೂಕ, ಎರಡು ವರದಿ, ಎಲ್ಲ ಸುಳ್ಳು. ನನ್ನ ಸಹಿಯಿರುವ ಸುಳ್ಳು.

ಫೆಬ್ರವರಿ 8, ಶನಿವಾರ

ಮೂರು ದಿನದಿಂದ ಮಂಡಿಯೂರಿ ಹಣ್ಣು ಆಯುತ್ತಿದ್ದೇವೆ, ನಾನು, ಸುಗರಾಬಿ. ಟೊಂಗೆಯಲ್ಲಿದ್ದದ್ದು, ಬುಡದಲ್ಲಿ ಬಿದ್ದದ್ದು, ಗಿಡದ ನಂಬರಿನ ಪ್ರಕಾರ ಒಂದೊಂದು ಚೀಲಕ್ಕೆ. ಮಂಡಿ ಕಿತ್ತು ಹೋಗಿವೆ. ಉಗುರಲ್ಲಿ ಕೆಂಪು ಮಣ್ಣು. ಸಾಲು ಮುಗಿಯುವ ಹೊತ್ತಿಗೆ ನನ್ನ ಬಾಟಲಿ ಖಾಲಿಯಾಗಿರುತ್ತದೆ, ಅವಳ ಮಡಕೆಯ ನೀರೇ ಕುಡಿಯುತ್ತೇನೆ, ತಣ್ಣಗಿದೆ. ಅರವತ್ತನೇ ಗಿಡಕ್ಕೆ ಬಂದಾಗ ಬಸ್ಸಿನ ಹೊತ್ತು ಎಂದೋ ಮೀರಿತ್ತು. ಇವರು ಕುಂಚಾವರಂವರೆಗೂ ಸ್ಕೂಟರ್ ತಂದು ಕರೆದುಕೊಂಡು ಬಂದರು.

ಫೆಬ್ರವರಿ 12, ಬುಧವಾರ

ಕಸಿಗಿಡಗಳಿಂದ ಸಿಕ್ಕ ಒಣಹಣ್ಣು ಹದಿಮೂರು ಕಿಲೊ. ಹಸಿಯ ಲೆಕ್ಕಕ್ಕೆ ತಂದರೆ ಮೂವತ್ತಮೂರು. ಅಂದರೆ ಗಿಡಕ್ಕೆ ಐನೂರೈವತ್ತು ಗ್ರಾಂ. ಕೂಡಿಸಿದರೆ ಕಸಿಗಿಡ ಒಂದು ಕಿಲೊ ಆರುನೂರೈವತ್ತು, ಸ್ವಂತ ಬೇರಿನದು ಅದರ ಹಿಡಿ ಹಣ್ಣು ಸೇರಿ ಒಂದೂವರೆ. ಹಿಂದೆ ಬಿದ್ದದ್ದು ಗಿಡವಲ್ಲ.

ತಿದ್ದುಪಡಿಯ ಪತ್ರ ಬರೆದು ಕಳಿಸಿದೆ: "ಕೊಯ್ಲಿನ ಕೆಲಸಗಾರರು ಕಸಿಗಿಡಗಳ ಕೆಳ ಟೊಂಗೆಗಳಲ್ಲಿ ಹಣ್ಣು ಬಿಟ್ಟಿದ್ದರಿಂದ ಇಳುವರಿ ಕಡಿಮೆ ದಾಖಲಾಗಿದೆ. ಆದ್ದರಿಂದ ತೋಟವನ್ನು ಮುಚ್ಚದೆ ಇನ್ನೊಂದು ವರ್ಷ ಅಳೆಯಲು ಅವಕಾಶ ಕೊಡಬೇಕು."

ಕಾಶೀನಾಥ ಸರ್ ಫೋನಿನಲ್ಲಿ ಸಿಡಿದರು. "ಕ್ಲೋಸ್ ಆದ ಫೈಲು ತೆರಸಾಕತ್ತೀರಿ ಮೇಡಂ, ಖರೇ ಹೇಳ್ತೀನಿ, ನಿಮಗ ಬ್ಯಾರೆ ಕೆಲಸ ಇಲ್ಲೇನು?" ಹೇಳಿಕೊಳ್ಳಲಿ. ನಿಜ ಬರೆದಿದ್ದೇನೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಫೆಬ್ರವರಿ 20, ಗುರುವಾರ

ರುಚಿ ನೋಡುವವರ ವರದಿ ಬಂತು. ಎರಡೂ ಬೀಜದ ಕಾಫಿಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ, ಕಸಿಯಿಂದ ರುಚಿ ಕೆಟ್ಟಿಲ್ಲ. ಉಳಿದ ಬೀಜ ಸ್ವಲ್ಪ ಹುರಿದು ಪುಡಿ ಮಾಡಿ ಒಯ್ದು ಶೆಡ್ಡಿನಲ್ಲಿ ಕಾಸಿದೆ. ಸುಗರಾಬಿ ಹುಟ್ಟಿದಾಗಿಂದ ಚಾ ಬಿಟ್ಟು ಬೇರೇನೂ ಕುಡಿದವಳಲ್ಲ. ಒಂದು ಗುಟುಕು ಕುಡಿದು ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದಕ್ಕ ನಾಲ್ಕು ವರ್ಷ ಒದ್ದಾಡಿದ್ವೇನ್ ಬಾಯಿ? ಹೊತ್ತಿದ ರೊಟ್ಟಿ ನೀರಾಗ ಅದ್ದಿದಂಗ ಅದ."

ನಗು ತಡೆಯಲಾಗಲಿಲ್ಲ. ಆದರೂ ಕಪ್ಪು ಖಾಲಿ ಮಾಡಿದಳು.

ಮಾರ್ಚ್ 4, ಮಂಗಳವಾರ

ಉತ್ತರ ಬಂತು. ಕಸಿಯ ತೋಟ ಇನ್ನೊಂದು ವರ್ಷ ಮುಂದುವರಿಯುತ್ತದೆ. ಗಿಡ ಕೀಳುವುದಿಲ್ಲ.

ಎರಡನೇ ಪ್ಯಾರಾ: ಹಣ್ಣು ಬಿಟ್ಟು ಅಳತೆ ಕೆಡಿಸಿದ ಕೆಲಸಗಾರರನ್ನು ಏಪ್ರಿಲ್ ಒಂದರಿಂದ ತೆಗೆಯಬೇಕು, ಮುಖ್ಯವಾಗಿ ಸುಗರಾಬಿ. ಅವಳ ಹೆಸರು ಅವರಿಗೆ ಈಗ ಸಿಕ್ಕಿತು.

ಮೂರನೇ ಪ್ಯಾರಾ: ತಪ್ಪು ಪತ್ತೆ ಹಚ್ಚಿದ್ದಕ್ಕೆ ನನಗೆ ಮೆಚ್ಚುಗೆ. ಕಲಬುರಗಿ ಕಚೇರಿಗೆ ಹಾಕಿದ್ದಾರೆ. ಮೂರು ಅರ್ಜಿಗೆ ಬಾರದ ಉತ್ತರ ಒಂದು ತಿದ್ದುಪಡಿಗೆ ಬಂತು.

ಇವರು ಪೇಡೆ ತರಲು ಹೊರಟರು. "ಬ್ಯಾಡ್ರೀ," ಅಂದೆ. "ಯಾಕ? ನೀನೇ ಕುಣಿತಿದ್ದಿ ಕಲಬುರಗಿ ಅಂತ." ಹಲ್ಲು ನೋವು ಅಂದೆ.

ಮಾರ್ಚ್ 6, ಗುರುವಾರ

ತೋಟಕ್ಕೆ ಹೋದೆ, ಸುಗರಾಬಿಗೆ ವಿಷಯ ಹೇಳಲಿಲ್ಲ. ಪಂಪಿನ ಫ್ಯೂಸು ಹೋಗಿತ್ತು, ಅದಕ್ಕೆ ಭಾಗಣ್ಣನ ಮೇಲೆ ಹಾರಾಡಿದೆ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳ. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು.

ನನ್ನದೇ ಪತ್ರವನ್ನು ತೆಗೆದು ಓದಿದೆ. "ಕೊಯ್ಲಿನ ಕೆಲಸಗಾರರು ಹಣ್ಣು ಬಿಟ್ಟಿದ್ದರಿಂದ." ಒಂದಕ್ಷರವೂ ಸುಳ್ಳಲ್ಲ. ಆದರೆ ಆ ಸಾಲಿನಲ್ಲಿ ನಾನು ಎಲ್ಲಿದ್ದೇನೆ?

ಮಾರ್ಚ್ 10, ಸೋಮವಾರ

ಏಕಾದಶಿ. ಸುಗರಾಬಿಗೆ ರಂಜಾನಿನ ರೋಜಾ, ಅವಳದೂ ಉಪವಾಸ. ಇಬ್ಬರ ಬಾಯಿಯೂ ಒಣಗಿತ್ತು. ನಲವತ್ತರ ಹತ್ತಿರದ ಬಿಸಿಲಿನಲ್ಲಿ ಅವಳು ಒಂದೊಂದೇ ಸಾಲಿಗೆ ನೀರು ಬಿಡುತ್ತಿದ್ದಳು. ಈಗ ಮೊಗ್ಗಿಗೆ ನೀರು ಬೇಕು, ಕೊಟ್ಟು ಒಂದೆರಡು ವಾರಕ್ಕೆ ಹೂ ಅರಳುತ್ತದೆ. ಹೂವಿಲ್ಲದಿದ್ದರೆ ಮುಂದಿನ ಫಸಲಿಲ್ಲ.

ಇವತ್ತು ಹೇಳಲೇಬೇಕು ಎಂದು ನಿರ್ಧರಿಸಿ ಹೋಗಿದ್ದೆ. ಅವಳ ಹತ್ತಿರ ನಿಂತೆ. ಅವಳೇ ಮೊದಲು ಮಾತಾಡಿದಳು.

"ಮುಂದಿನ ಸಲ ಒಂದು ಹಣ್ಣೂ ಬಿಡಂಗಿಲ್ಲ, ನೋಡ್ಕೋರಿ. ಆ ಮೂವರಿಗೂ ಹೇಳೀನಿ. ಗಿಡಕ್ಕ ತಾಕತ್ತು ಅದ ಅಂತ ತಕ್ಕಡಿನೇ ಹೇಳ್ಯದ, ಇನ್ನ ನಾವ್ಯಾಕ ಅಂಜಬೇಕು? ನಿಮ್ಮ ಹೆಸರು ಕೆಡಬಾರದು ಬಾಯಿ."

ನನ್ನ ಹೆಸರು. ಶೆಡ್ಡಿಗೆ ಹೋಗಿ ಕೂತು ಎರಡನೇ ಪತ್ರ ಬರೆದೆ. ಇಲ್ಲಿಯೂ ಬರೆದಿಡುತ್ತೇನೆ, ನಾಳೆ ನನಗೆ ನಾನೇ ಬೇರೆ ಕಥೆ ಹೇಳಿಕೊಳ್ಳಬಾರದು:

"ಇವು ಆಪರೇಶನ್ ಆದ ಗಿಡ ಎಂದು ಕೆಲಸಗಾರರಿಗೆ ಹೇಳಿದವಳು ನಾನು. ಹಣ್ಣು ಪೂರ್ತಿ ಬಿಡಿಸಬೇಕು ಎಂದು ನಾನು ಯಾವತ್ತೂ ಹೇಳಿಲ್ಲ. ಎರಡು ವರ್ಷದ ಕೊಯ್ಲಿನಲ್ಲಿ ಒಂದು ದಿನವೂ ಮೂರು ಗಂಟೆಯ ನಂತರ ನಾನು ತೋಟದಲ್ಲಿರಲಿಲ್ಲ, ಇದ್ದಾಗ ಗಿಡದ ಹತ್ತಿರ ಹೋಗಲಿಲ್ಲ. ಬಿಟ್ಟ ಹಣ್ಣನ್ನು ಮಂಡಿಯೂರಿ ಆಯ್ದು ಅಳತೆ ಸರಿಪಡಿಸಿದವಳು ಸುಗರಾಬಿ. ತಪ್ಪು ಅವಳದಲ್ಲ."

ಮಾರ್ಚ್ 12, ಬುಧವಾರ

ಕಾಶೀನಾಥ ಸರ್ ಫೋನು. ಈ ಸಲ ಸಿಡಿಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

"ನರ್ಮದಾ ಮೇಡಂ, ನಿಮ್ಮ ಪತ್ರ ಇನ್ನಾ ಇನ್ವರ್ಡ್ ಮಾಡ್ಸಿಲ್ಲ ನಾನು, ನನ್ನ ಟೇಬಲ್ ಮ್ಯಾಲೇ ಅದ. ನಿಮ್ಮದು ಕಾಂಟ್ರಾಕ್ಟ್ ನೌಕರಿ ಅದ, ಮಾರ್ಚಿಗಿ ರಿನಿವಲ್ ಅದ. ಇದು ಮ್ಯಾಲ ಹೋದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ಆಕಿ ಒಬ್ಬಾಕಿ ನೀರು ಬಿಡೋ ಹೆಣ್ಮಗಳ ಸಲುವಾಗಿ ಯಾಕ ಇಷ್ಟು? ಹರಿದು ಹಾಕ್ಲೇನು?"

ಅವರು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು, ಅದು ನನಗೆ ತಿಳಿಯಿತು.

"ಇನ್ವರ್ಡ್ ಮಾಡಸ್ರಿ ಸರ್," ಅಂದೆ.

ಹನ್ನೊಂದು ವರ್ಷದ ನೌಕರಿ. ನನಗೆ ಬುದ್ಧಿ ಇಲ್ಲ. ಇವರಿಗೆ ಹೇಳಿದರೆ ಏನನ್ನುತ್ತಾರೋ ಎಂದು ಹೆದರಿ ಹೆದರಿ ಹೇಳಿದೆ. "ಉತ್ತರ ಸರಿ ಅದ," ಅಂದರು. ಆಮೇಲೆ ಎದ್ದು ಹೋಗಿ ಊಟ ಮಾಡದೆ ಮಲಗಿದರು.

ಮಾರ್ಚ್ 26, ಬುಧವಾರ

ಸುಗರಾಬಿಯ ಕೆಲಸ ಉಳಿಯಿತು. ತೋಟ ಉಳಿಯಿತು. ನನ್ನದು ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ, ನವೀಕರಣವಿಲ್ಲ. ಕಲಬುರಗಿಯೂ ಇಲ್ಲ. ಏಪ್ರಿಲ್‌ನಲ್ಲಿ ಹೊಸಬರು ಯಾರೋ ಬರುತ್ತಾರಂತೆ.

ಕಾಗದ ಮಡಿಸಿಟ್ಟೆ. ತೊಂಬತ್ತೆರಡನೇ ಗಿಡದ ಬುಡಕ್ಕೆ ಗೆದ್ದಲು ಹತ್ತಿದೆ, ಹೊಸಬರಿಗೆ ಹೇಳಬೇಕು. ನಳಿಗೆ ಎರಡು ಕಡೆ ಕಟ್ಟಿಕೊಂಡಿದೆ. ಬಲೆ ಇನ್ನೂ ಬಂದಿಲ್ಲ. ಕಚೇರಿಯವರಿಗೆ ನಾಚಿಕೆಯಾದರೂ ಆಗುವುದಿಲ್ಲವೇ, ಒಂದು ಬಲೆ ಕಳಿಸಲು ಒಂದು ವರ್ಷ?

ಮಾರ್ಚ್ 29, ಶನಿವಾರ

ಸೋಮವಾರ ರಂಜಾನ್ ಹಬ್ಬ, ರಜೆ. ಆದ್ದರಿಂದ ಇವತ್ತೇ ಕೊನೆ.

ಹೂ ಅರಳಿತ್ತು. ಕಸಿಯ ಸಾಲು ತುದಿಯಿಂದ ಬುಡದವರೆಗೆ ಬೆಳ್ಳಗೆ. ಎಣಿಸಿದೆ, ಟೊಂಗೆಗೆ ಎಷ್ಟು ಗೊಂಚಲು ಎಂದು ಅರವತ್ತೂ ಗಿಡಗಳದ್ದು ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ. ರಿಜಿಸ್ಟರು, ತಕ್ಕಡಿ, ಜರಡಿ ಎಲ್ಲ ಭಾಗಣ್ಣನಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡೆ. ಹೊರಡುವಾಗ ಸುಗರಾಬಿ ಕುಂಚಾವರಂ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಉಪವಾಸದಲ್ಲಿ ಅಷ್ಟು ದೂರ ನಡೆಯಬೇಡ ಎಂದರೂ ಕೇಳಲಿಲ್ಲ. ಕಟ್ಟೆಯ ಮೇಲೆ ಇಬ್ಬರೂ ಕೂತೆವು.

"ಭಾಗಣ್ಣ ಹೇಳ್ದ, ನಿಮಗ ಕಲಬುರಗಿ ಆಫೀಸು ಸಿಕ್ಕದಂತ," ಅಂದಳು. ಮಾರ್ಚ್ ನಾಲ್ಕರ ಆದೇಶದ ಸುದ್ದಿ ಅವನ ಕಿವಿಗೆ ಬಿದ್ದಿರಬೇಕು, ಆಮೇಲಿನದು ಬಿದ್ದಿಲ್ಲ. "ಛಲೋ ಆತು ಬಿಡ್ರಿ ಬಾಯಿ. ನಾಲ್ಕು ವರ್ಷದಿಂದ ಅದನ್ನೇ ಜಪ ಮಾಡ್ತಿದ್ರಿ."

ನಿಜ ಹೇಳಿದರೆ ಈ ಹೆಂಗಸು ಹಬ್ಬದ ಮರುದಿನವೇ ಕಲಬುರಗಿಗೆ ಹೋಗಿ ಕಾಶೀನಾಥ ಸರ್ ಮೇಜಿನ ಮುಂದೆ ನಿಲ್ಲುತ್ತಾಳೆ. ಅವಳನ್ನು ನಾನು ಬಲ್ಲೆ.

"ಹೌದು. ಸಿಕ್ತು," ಅಂದೆ.

"ಅಲ್ಲಿ ಗಿಡ ಅದಾವೇನು?"

"ಇಲ್ಲ."

ನನಗಾಗಿ ನಿಜವಾಗಿಯೂ ಚಿಂತೆಗೆ ಬಿದ್ದ ಮುಖ.

"ಮತ್ತ ಅಲ್ಲಿ ಏನು ತೂಗ್ತೀರಿ?"

ಬಸ್ಸು ಬಂತು ಎಂದು ಹೇಳಿ ಎದ್ದು ಆ ಕಡೆ ತಿರುಗಿ ನಿಂತೆ. ಬಸ್ಸು ಇನ್ನೂ ಬಂದಿರಲಿಲ್ಲ.